46 ಅರ್ಜಿಗೆ 3 ಉತ್ತರ: ಕೊನೇ ವರ್ಷದ ಈ ಕಾಯುವ ಸಂಕಟಕ್ಕೆ ಏನು ಮಾಡೋದು?

ನಾಗರಬಾವಿ_ಬಸ್‌ಸ್ಟಾಪ್ (ಪ್ರಶ್ನೆ)

ಹಿರಿಯರಿಗೆ ನಮಸ್ಕಾರ. ಐದು ವರ್ಷದ ಬಿಎ ಎಲ್‌ಎಲ್‌ಬಿ, ಒಂಬತ್ತನೇ ಸೆಮಿಸ್ಟರ್. ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವ ಬೆಂಗಳೂರಿನ ಕಾಲೇಜು, ಕ್ಯಾಂಪಸ್‌ಗೆ ದೊಡ್ಡ ಫರ್ಮ್‌ಗಳು ಬರೋದಿಲ್ಲ. ಆಗಸ್ಟ್‌ನಿಂದ 46 ಕಡೆ ಮೇಲ್ ಹಾಕಿದ್ದಾಗಿದೆ: 30 ಲಾ ಫರ್ಮ್, 9 ಕಂಪನಿಗಳ ಲೀಗಲ್ ಟೀಮ್, 7 ಹಿರಿಯ ವಕೀಲರ ಆಫೀಸು. ಉತ್ತರ ಬಂದಿದ್ದು 3, ಮೂರೂ "ಸದ್ಯಕ್ಕೆ ಜಾಗ ಇಲ್ಲ". ಉಳಿದ 43 ಕಡೆ ಏನಾಯಿತು ಅಂತಲೇ ಗೊತ್ತಿಲ್ಲ. ಇಲ್ಲ ಅಂದುಬಿಟ್ಟಿದ್ದರೂ ಸಮಾಧಾನ ಇರುತ್ತಿತ್ತು. ರಾತ್ರಿ 2 ಗಂಟೆವರೆಗೆ ನಿದ್ದೆ ಇಲ್ಲ, ಹತ್ತು ನಿಮಿಷಕ್ಕೊಮ್ಮೆ ಇನ್‌ಬಾಕ್ಸ್, ಸೆಮಿಸ್ಟರ್ ಓದು ನಿಂತೇ ಹೋಗಿದೆ. ಊರಿಂದ ಫೋನ್ ಬಂದರೆ ಎತ್ತೋಕೆ ಭಯ.

ಎಷ್ಟು ದಿನ ಕಾಯಬೇಕು, ಯಾವಾಗ ಕೈಬಿಡಬೇಕು, ಅಷ್ಟರವರೆಗೆ ಏನು ಮಾಡಬೇಕು? "ಟೆನ್ಷನ್ ತೊಗೋಬೇಡ" ಅನ್ನೋದೊಂದು ಬಿಟ್ಟು ಏನಾದರೂ ಹೇಳಿ.

ಆರ್ಡರ್‌ಶೀಟ್

ಮೊದಲು ಆ 46ನ್ನು ಬಿಡಿಸಿ ನೋಡಿ. 30 ಫರ್ಮ್‌ಗಳಿಗೆ ಕೇಳಿದ್ದು ಕೆಲಸವೋ, ಇಂಟರ್ನ್‌ಶಿಪ್ಪೋ? ಕೆಲಸ ಅಂತಾದರೆ ಉತ್ತರ ಬರದಿರುವುದಕ್ಕೆ ನಿಮ್ಮ ಅಂಕ ಕಾರಣ ಇರಬೇಕಾಗಿಲ್ಲ. ದೊಡ್ಡ ಫರ್ಮ್‌ಗಳು ಹೊಸಬರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಎರಡೇ ದಾರಿಯಲ್ಲಿ: ಕ್ಯಾಂಪಸ್ ನೇಮಕಾತಿ, ಇಲ್ಲವೇ ಇಂಟರ್ನ್‌ಶಿಪ್‌ನಲ್ಲಿ ಕೆಲಸ ನೋಡಿ ಕೊಡುವ ಪಿಪಿಒ (ಕೋರ್ಸ್ ಮುಗಿಯುವ ಮುಂಚೆಯೇ ಕೊಡುವ ಕೆಲಸದ ಆಫರ್). ಪರಿಚಯವಿಲ್ಲದ ವಿದ್ಯಾರ್ಥಿ ನೇರವಾಗಿ ಕೆಲಸ ಕೇಳಿದ ಮೇಲ್ ಇವೆರಡರಲ್ಲಿ ಯಾವುದಕ್ಕೂ ಸೇರೋದಿಲ್ಲ, ಹಾಗಾಗಿ ಎಚ್‌ಆರ್ ಇನ್‌ಬಾಕ್ಸ್‌ನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅದೇ ಜಾಗಕ್ಕೆ "ಜನವರಿಯಲ್ಲಿ 4 ವಾರ, ವ್ಯಾಜ್ಯ ವಿಭಾಗದಲ್ಲಿ ಇಂಟರ್ನ್‌ಶಿಪ್" ಅಂತ ಕೇಳಿದರೆ ಅದು ಅವರು ದಿನಾ ವಿಲೇವಾರಿ ಮಾಡುವ ಅರ್ಜಿ. ಐದು ವರ್ಷದ ಕೋರ್ಸಿಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಹೇಗೂ ಇದೆಯಲ್ಲ, ಉಳಿದ ವಾರಗಳನ್ನು ಇದಕ್ಕೇ ಇಟ್ಟುಕೊಳ್ಳಿ.

ಕಾಯುವ ಲೆಕ್ಕಕ್ಕೆ ಒಂದು ಶೀಟ್ ಮಾಡಿ. ಎಲ್ಲಿಗೆ, ಯಾವ ವಿಭಾಗಕ್ಕೆ, ಕಳಿಸಿದ ದಿನ, ನೆನಪಿನ ಮೇಲ್ ದಿನ, ಮುಚ್ಚುವ ದಿನ: ಐದು ಕಾಲಂ ಸಾಕು. ಕಳಿಸಿ 10 ಕೆಲಸದ ದಿನ ಆದಮೇಲೆ ಅದೇ ಮೇಲ್‌ಗೆ ರಿಪ್ಲೈ ಒತ್ತಿ ಎರಡು ಸಾಲು, ಒಂದೇ ಸಲ. 30 ದಿನಕ್ಕೂ ಉತ್ತರ ಇಲ್ಲದಿದ್ದರೆ ಆ ಸಾಲಿನ ಮುಂದೆ "ಮುಚ್ಚಿದೆ" ಅಂತ ನೀವೇ ಬರೆಯಿರಿ. ಆಮೇಲೆ ಅವರೇ ಕರೆದರೆ ಒಳ್ಳೆಯದೇ, ತೆರೆದರಾಯಿತು. ಆಗಸ್ಟ್‌ನಲ್ಲಿ ಕಳಿಸಿದ್ದನ್ನು ಇವತ್ತೇ ಮುಚ್ಚಿ. ಏಕಕಾಲಕ್ಕೆ ತೆರೆದಿರುವ ಸಾಲು 12 ದಾಟದಿರಲಿ. 43 ಕಡೆಯ ಉತ್ತರ ಬಾಕಿ ಅಂದುಕೊಂಡು ಕೂತರೆ ಎಂಥವರಿಗೂ ನಿದ್ದೆ ಹತ್ತೋದಿಲ್ಲ.

ಮೇಲ್ ವಿಷಯಕ್ಕೆ ಬಂದರೆ, ಹಾಳಾಗುವುದು ಸಾಮಾನ್ಯವಾಗಿ ಮೂರು ಕಡೆ. ಒಂದೇ ಮೇಲ್ ಎಲ್ಲರಿಗೂ ಬಿಸಿಸಿ ಹೋಗಿರುತ್ತದೆ. ಹಿಂದಿನ ಫರ್ಮ್ ಹೆಸರು ಕವರಿಂಗ್ ಲೆಟರ್‌ನಲ್ಲಿ ಹಾಗೇ ಉಳಿದಿರುತ್ತದೆ (ಇದೊಂದಕ್ಕೇ ಅರ್ಜಿ ಪಕ್ಕಕ್ಕೆ ಹೋಗುತ್ತದೆ). ಇನ್ನೊಂದು, ಮೂರು ಪುಟದ ಸಿವಿಯಲ್ಲಿ ಹೈಸ್ಕೂಲ್ ಭಾಷಣ ಸ್ಪರ್ಧೆ ಇರುತ್ತದೆ, ಮಾಡಿದ ಡ್ರಾಫ್ಟಿಂಗ್ ಇರುವುದಿಲ್ಲ. ಸಿವಿ ಒಂದು ಪುಟ, ಬಹಳ ಅಂದರೆ ಎರಡು. "ವಕೀಲರಿಗೆ ಸಹಾಯ ಮಾಡಿದೆ" ಅಂತ ಬರೆಯಬೇಡಿ. "ತಾತ್ಕಾಲಿಕ ತಡೆಯಾಜ್ಞೆಯ 3 ಅರ್ಜಿಗಳ ಮೊದಲ ಕರಡು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 ನಿಯಮ 1 ಮತ್ತು 2" ಅಂತ ಬರೆಯಿರಿ. ಅದನ್ನು ಓದಿದವರಿಗೆ ಕೇಳೋಕೆ ಒಂದು ಪ್ರಶ್ನೆ ಸಿಗುತ್ತದೆ, ಸಂದರ್ಶನ ನಿಮಗೆ ಗೊತ್ತಿರುವ ಕಡೆಗೇ ತಿರುಗುತ್ತದೆ.

ಜೊತೆಗೆ ಎರಡು ಪುಟದ ಬರವಣಿಗೆಯ ಮಾದರಿ ಒಂದು ಲಗತ್ತಿಸಿ. ಸಂವಿಧಾನದ ಮೂಲ ರಚನೆ ಬಗ್ಗೆ ಬೇಡ, ಅದನ್ನು ಎಲ್ಲರೂ ಬರೆಯುತ್ತಾರೆ. ಚೆಕ್ ಬೌನ್ಸ್ ದೂರಿನ ಕಾಲಮಿತಿ ತೆಗೆದುಕೊಳ್ಳಿ: ಚೆಕ್ ವಾಪಸಾಯಿತು ಅನ್ನೋ ಬ್ಯಾಂಕ್ ಮೆಮೊ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ ಹಣ ಕೊಡೋಕೆ 15 ದಿನ, ಅದು ಮುಗಿದಮೇಲೆ ದೂರು ಕೊಡೋಕೆ ಒಂದು ತಿಂಗಳು. ವಿದ್ಯಾರ್ಥಿಗಳು ಎಡವುವುದು ನಡುವಿನ ಹಂತದಲ್ಲಿ, 15 ದಿನವನ್ನು ನೋಟಿಸ್ ಕಳಿಸಿದ ದಿನದಿಂದ ಎಣಿಸಿಬಿಡುತ್ತಾರೆ. ನೋಟಿಸ್ ತಲುಪಿದ್ದು ಜೂನ್ 5 ಆದರೆ 15 ದಿನ ಮುಗಿಯುವುದು ಜೂನ್ 20ಕ್ಕೆ. ಅದಕ್ಕೂ ಮುಂಚೆ ಹಾಕಿದ ದೂರು ಕಾನೂನಿನ ಕಣ್ಣಲ್ಲಿ ದೂರೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇಷ್ಟನ್ನು ಒಂದು ದಿನಾಂಕದ ಉದಾಹರಣೆ ಇಟ್ಟು ತಪ್ಪಿಲ್ಲದೆ ಬರೆದರೆ, ಈ ಹುಡುಗನ ಕೈಗೆ ಫೈಲ್ ಕೊಡಬಹುದು ಅನ್ನೋದು ಓದಿದವರಿಗೆ ಗೊತ್ತಾಗುತ್ತದೆ.

ಕೆ_ಜಿ_ರೋಡ್_ಸಂಜೆ

ಆ 7 ವಕೀಲರ ಆಫೀಸುಗಳ ಬಗ್ಗೆ ಮಾತ್ರ ಹೇಳ್ತೀನಿ. ಅಲ್ಲಿಗೆ ಮೇಲ್ ಕೆಲಸ ಮಾಡೋದು ಕಮ್ಮಿ. ಗಾಂಧಿನಗರದ ಕಡೆ ಆಫೀಸುಗಳಲ್ಲಿ ಸೀನಿಯರ್ ಬೆಳಿಗ್ಗೆಯಿಂದ ಕೋರ್ಟ್‌ನಲ್ಲೇ ಇರುತ್ತಾರೆ, ಕಕ್ಷಿದಾರರು ಬರೋದು ಸಂಜೆ. ಸಂಜೆ ಐದೂವರೆ ಸುಮಾರಿಗೆ, ಜನ ಸೇರೋ ಮುಂಚೆ, ಸಿವಿಯ ಪ್ರಿಂಟ್ ಹಿಡಿದು ಹೋಗಿ. ಮೊದಲು ಅಲ್ಲಿಯ ಜೂನಿಯರ್‌ಗಳನ್ನು ಮಾತಾಡಿಸಿ. ಜಾಗ ಖಾಲಿ ಆಗೋದು ಯಾವಾಗ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗೋದು ಅವರಿಗೇ. ಸೋಮವಾರ ಹೋಗಬೇಡಿ, ವಾರದ ಪಟ್ಟಿಯ ಗಡಿಬಿಡಿ ಇರುತ್ತೆ.

ಹೋಗುವ ಮುಂಚೆ ಅವರ ಹೆಸರು ಹಾಕಿ ಕಾಸ್ ಲಿಸ್ಟ್ (ಕೋರ್ಟ್‌ನ ಆ ದಿನದ ಪ್ರಕರಣಗಳ ಪಟ್ಟಿ) ಹುಡುಕಿ, ಒಂದು ದಿನ ಆ ಹಾಲ್‌ನಲ್ಲಿ ಕೂತು ಬನ್ನಿ. ಹೈಕೋರ್ಟ್ ಆದರೆ ಕಾಲೇಜ್ ಐಡಿ ಜೊತೆಗಿರಲಿ. "ನಿನ್ನೆ ನಿಮ್ಮ ವಾದ ಕೇಳಿದೆ ಸರ್, ಆ ಮಧ್ಯಂತರ ಅರ್ಜಿ ಬಗ್ಗೆ ಒಂದು ಸಂದೇಹ" ಅಂದರೆ ಮಾತು ತಾನಾಗಿ ಮುಂದುವರಿಯುತ್ತೆ.

ದುಡ್ಡಿನ ಮಾತು ಕೇಳೋಕೆ ಸಂಕೋಚ ಪಡಬೇಡಿ. ಭಾರತೀಯ ವಕೀಲರ ಪರಿಷತ್ತು (ಬಾರ್ ಕೌನ್ಸಿಲ್) 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿ, ನಗರದಲ್ಲಿ ಜೂನಿಯರ್‌ಗೆ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂದಿದೆ. ಅದು ಸಲಹೆ, ಕಡ್ಡಾಯ ಅಲ್ಲ, ಆದರೆ ಮಾತು ಶುರು ಮಾಡೋಕೆ ಆಧಾರ. ಇನ್ನು ಸನ್ನದು (ವಕೀಲರಾಗಿ ನೋಂದಣಿ) ಶುಲ್ಕಕ್ಕೆ ಸಾವಿರಾರು ರೂಪಾಯಿ ಹೊಂದಿಸಬೇಕು ಅನ್ನೋ ಚಿಂತೆ ತಲೆಯಲ್ಲಿದ್ದರೆ ತೆಗೆದುಹಾಕಿ. 2024ರ ಜುಲೈ 30ರ ಸುಪ್ರೀಂ ಕೋರ್ಟ್‌ನ ಗೌರವ್ ಕುಮಾರ್ ತೀರ್ಪಿನ ಪ್ರಕಾರ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ.

ಸುಪ್ರೀಂ ಕೋರ್ಟ್ ಲಾ ಕ್ಲರ್ಕ್ (ನ್ಯಾಯಮೂರ್ತಿಗಳಿಗೆ ಸಂಶೋಧನೆಯಲ್ಲಿ ನೆರವಾಗುವ ಕೆಲಸ) ಪರೀಕ್ಷೆ ಬರೆಯಿರಿ. 2024ರಲ್ಲೂ 2025ರಲ್ಲೂ ಅರ್ಜಿ ಕರೆದದ್ದು ಜನವರಿಯಲ್ಲಿ, ಕೊನೇ ವರ್ಷದವರೂ ಹಾಕಬಹುದಿತ್ತು, ಸಂಭಾವನೆ ತಿಂಗಳಿಗೆ 80,000 ರೂಪಾಯಿ ಇತ್ತು. ಬಹುಆಯ್ಕೆ, ಬರವಣಿಗೆ, ಸಂದರ್ಶನ ಅಂತ ಮೂರು ಹಂತ. ಇಲ್ಲಿ ನಿಮ್ಮ ಕಾಲೇಜಿನ ಹೆಸರಿಗಿಂತ ಉತ್ತರ ಪತ್ರಿಕೆ ಮಾತಾಡುತ್ತೆ, ಫಲಿತಾಂಶಕ್ಕೂ ಒಂದು ದಿನ ಅಂತ ಇರುತ್ತೆ. ಸಿವಿಲ್ ಜಡ್ಜ್ ಆಸೆ ಇದ್ದರೆ ಇದನ್ನೂ ಗಮನಿಸಿ: 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆ ಹುದ್ದೆಗೆ 3 ವರ್ಷ ವಕೀಲಿಕೆ ಬೇಕು ಅಂದಾಗ, ಲಾ ಕ್ಲರ್ಕ್ ಆಗಿ ಮಾಡಿದ ಸೇವೆಯನ್ನೂ ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂದಿದ್ದಾರೆ. ಅಧಿಸೂಚನೆ ಬಂದಾಗ ಆ ಸಲದ ಷರತ್ತನ್ನು ಓದಿಯೇ ಅರ್ಜಿ ಹಾಕಿ.

ಬೆಳಗಿನ_ಲೈಬ್ರರಿ

ನಿದ್ದೆ ಮತ್ತು ಇನ್‌ಬಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಮೊದಲು ಅನ್ನಿಸುತ್ತೆ.

ಮೇಲ್ ನೋಟಿಫಿಕೇಶನ್ ಆಫ್ ಮಾಡಿ, ದಿನಕ್ಕೆ ಎರಡು ಸಲ ಮಾತ್ರ ತೆರೆಯಿರಿ: ಬೆಳಿಗ್ಗೆ 11.30, ಸಂಜೆ 5. ಸಂದರ್ಶನದ ಕರೆ ತುರ್ತಾಗಿದ್ದರೆ ಅವರು ಫೋನ್ ಮಾಡುತ್ತಾರೆ, ಅದಕ್ಕೆ ನಂಬರ್ ಸಿವಿಯ ಮೇಲ್ಭಾಗದಲ್ಲೇ ಇರಲಿ. ಮೊದಲ ನಾಲ್ಕೈದು ದಿನ ಕೈ ತಾನಾಗಿ ಫೋನ್ ಕಡೆ ಹೋಗುತ್ತೆ, ಆಮೇಲೆ ಕಮ್ಮಿ ಆಗುತ್ತೆ. ಲಿಂಕ್ಡ್‌ಇನ್ ಆ್ಯಪ್ ಫೋನ್‌ನಿಂದ ತೆಗೆಯಿರಿ, ಬೇಕಾದಾಗ ಲ್ಯಾಪ್‌ಟಾಪ್‌ನಲ್ಲಿ ನೋಡಿ. ಅಲ್ಲಿ ಕೆಲಸ ಸಿಕ್ಕವರು ಬರೆಯುತ್ತಾರೆ, ಸಿಗದವರು ಬರೆಯೋದಿಲ್ಲ. ಹಾಗಾಗಿ ಅದನ್ನು ನೋಡಿ ನಿಮ್ಮ ಬ್ಯಾಚಿನ ಸ್ಥಿತಿ ಅಳೆಯಬೇಡಿ.

ನಿದ್ದೆಗೆ, ಮಲಗುವ ಹೊತ್ತನ್ನು ಸರಿಮಾಡೋಕೆ ಹೋಗಬೇಡಿ, ಏಳುವ ಹೊತ್ತನ್ನು ಹಿಡಿಯಿರಿ. ಎಷ್ಟು ಹೊತ್ತಿಗೆ ಮಲಗಿದರೂ 6.30ಕ್ಕೆ ಏಳಬೇಕು, ಭಾನುವಾರವೂ ಅಷ್ಟೇ. ಮಧ್ಯಾಹ್ನ 2ರ ನಂತರ ಕಾಫಿ ಬೇಡ. ರಾತ್ರಿ 8ಕ್ಕೆ ಹತ್ತು ನಿಮಿಷ ಕೂತು ತಲೆಯಲ್ಲಿರೋ ಚಿಂತೆಗಳನ್ನು ಕಾಗದದ ಮೇಲೆ ಇಳಿಸಿ, ಪ್ರತಿಯೊಂದರ ಎದುರು ನಾಳೆ ಮಾಡಬಹುದಾದ ಒಂದು ಕೆಲಸ, ಇಲ್ಲದಿದ್ದರೆ "ನನ್ನ ಕೈಲಿಲ್ಲ" ಅಂತ ಬರೆಯಿರಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಅರ್ಜಿ ಕೆಲಸ ದಿನಕ್ಕೆ 90 ನಿಮಿಷ ಅಂತ ಗೆರೆ ಹಾಕಿ, ಉಳಿದದ್ದು ಸೆಮಿಸ್ಟರ್‌ಗೆ. ಬ್ಯಾಕ್‌ಲಾಗ್ ಉಳಿದರೆ ಸಿಕ್ಕ ಕೆಲಸವೂ ಕೈ ತಪ್ಪಬಹುದು.

ಮನೆಗೆ ನೀವೇ ಫೋನ್ ಮಾಡಿ, ಭಾನುವಾರ ಅಂತ ದಿನ ಗೊತ್ತು ಮಾಡಿ. "ಅಪ್ಪಾ, ಈ ವಾರ 3 ಕಡೆ ಹಾಕಿದೀನಿ, ಜನವರಿವರೆಗೆ ಹೀಗೇ ಇರುತ್ತೆ, ಏನಾದರೂ ಆದರೆ ನಾನೇ ಹೇಳ್ತೀನಿ" ಅನ್ನಿ. ಕೇಳುವವರಿಗೂ ಒಂದು ಗಡುವು ಸಿಕ್ಕರೆ ದಿನಾ ಕೇಳೋದಿಲ್ಲ.

ಎರಡು ವಾರಕ್ಕಿಂತ ಹೆಚ್ಚು ಊಟ ಸೇರದೆ, ನಿದ್ದೆ ಇಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಇದು ಬರೀ ಅರ್ಜಿಯ ಸಮಸ್ಯೆ ಅಂದುಕೊಳ್ಳಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಆಗಲೇ ಮಾಡಿ, ಪಕ್ಕದ ರೂಮಿನವರನ್ನೂ ಎಬ್ಬಿಸಿ.

ನಾಗರಬಾವಿ_ಬಸ್‌ಸ್ಟಾಪ್

ತುಂಬಾ ಧನ್ಯವಾದ. ಆಗಸ್ಟ್, ಸೆಪ್ಟೆಂಬರ್‌ದು ಮುಚ್ಚಿದೆ, 11 ಉಳಿದವು. ಇನ್ನೊಂದೇ ಪ್ರಶ್ನೆ: ಕನ್ನಡ ಮೀಡಿಯಂ ಹಿನ್ನೆಲೆ. ಸಂದರ್ಶನದಲ್ಲಿ ಎದೆ ಹೊಡೆದುಕೊಂಡು ಇಂಗ್ಲಿಷ್ ನಿಂತುಬಿಡುತ್ತೆ. ಏನು ಮಾಡಲಿ?

ಆರ್ಡರ್‌ಶೀಟ್

ನಿಲ್ಲೋದು ಮೊದಲ ವಾಕ್ಯದಲ್ಲಿ. ಹಾಗಾಗಿ ನಾಲ್ಕು ಉತ್ತರಗಳ ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ: ನಿಮ್ಮ ಪರಿಚಯ, ಈ ಆಫೀಸೇ ಯಾಕೆ, ಮಾಡಿದ ಒಂದು ಡ್ರಾಫ್ಟ್, ಇತ್ತೀಚೆಗೆ ಓದಿದ ಒಂದು ತೀರ್ಪು. ಪೂರ್ತಿ ಉರು ಹೊಡೆದರೆ ನಡುವೆ ಒಂದು ಪದ ಮರೆತಾಗ ಎಲ್ಲವೂ ಕೈಕೊಡುತ್ತದೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ, ಉತ್ತರ 90 ಸೆಕೆಂಡ್ ದಾಟದಿರಲಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಯಾವ ಕಾಯ್ದೆಯ ಯಾವ ಭಾಗದಲ್ಲಿ ಹುಡುಕುತ್ತೀರಿ ಅಂತ ಹೇಳಿ. ಊಹೆ ಮಾಡಿ ಕಲಂ ಸಂಖ್ಯೆ ಹೇಳೋದೇ ಹೆಚ್ಚು ಪೆಟ್ಟು ಕೊಡುವುದು, ಅದರಲ್ಲೂ 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾಯ್ದೆಗಳು ಬಂದಮೇಲೆ ಹಳೇ ಸಂಖ್ಯೆ, ಹೊಸ ಸಂಖ್ಯೆ ಕಲಸಿಹೋಗುತ್ತವೆ.

ಅರ್ಧ ಗಂಟೆ ಮುಂಚೆ ತಲುಪಿ. ಎಂ.ಜಿ. ರಸ್ತೆ ಕಡೆ ಆದರೆ ಮೆಟ್ರೋದಲ್ಲೇ ಹೋಗಿ, ಬಸ್ಸನ್ನು ನಂಬಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಒಳಗೆ ಹೋಗುವ ಮುಂಚೆ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ. ಹೊರಗೆ ಬಿಡುವ ಉಸಿರು ಉದ್ದ ಆದಷ್ಟೂ ಎದೆಬಡಿತ ಇಳಿಯುತ್ತದೆ. ಕನ್ನಡ ಓದು ಬರಹ ಚೆನ್ನಾಗಿ ಬರುತ್ತದೆ ಅನ್ನೋದನ್ನು ಸಿವಿಯಲ್ಲಿ ಭಾಷೆಗಳ ಸಾಲಿನಲ್ಲಿ ಅಡಗಿಸಬೇಡಿ, ಮೇಲೆ ಹಾಕಿ. ಇಲ್ಲಿಯ ಕ್ರಯಪತ್ರ, ಪಹಣಿ, ಪೊಲೀಸ್ ದೂರು, ಸಾಕ್ಷಿ ಹೇಳಿಕೆ ಬಹುಪಾಲು ಕನ್ನಡದಲ್ಲೇ ಇರುತ್ತವೆ. ಹಳೇ ಕೈಬರಹದ ಕ್ರಯಪತ್ರ ಓದಿ ಚಕ್ಕುಬಂದಿ ಸಮೇತ ಇಂಗ್ಲಿಷ್‌ನಲ್ಲಿ ಸಾರಾಂಶ ಬರೆದುಕೊಡುವವರು ಆಸ್ತಿ ವ್ಯಾಜ್ಯದ ಆಫೀಸಿಗೆ ಬೇಕೇ ಬೇಕು. ಉಳಿದ 11ರಲ್ಲಿ ಅಂಥವು ಎಷ್ಟಿವೆ ನೋಡಿ, ಸಿವಿ ತಿದ್ದಿ ಮೊದಲು ಅಲ್ಲಿಗೆ ನೆನಪಿನ ಮೇಲ್ ಹಾಕಿ.