ಕೋವಿಡ್ ಥರ ಮತ್ತೊಂದು ಬಂದ್ರೆ ಫಾರಿನ್ ದುಡ್ಡಿನ ಪ್ರಾಜೆಕ್ಟ್‌ಗಳ ಗತಿ ಏನು?

ಗಂಗೋತ್ರಿ_ಹುಡುಗಿ:
ಮಾನಸಗಂಗೋತ್ರೀಲಿ ಎಂಎಸ್ಸಿ ಮುಗೀತು. ಯುಕೆ ದುಡ್ಡಲ್ಲಿ ನಡೆಯೋ ಜಾಯಿಂಟ್ ಪ್ರಾಜೆಕ್ಟಲ್ಲಿ ಅಸೋಸಿಯೇಟ್ ಕೆಲ್ಸ ಸಿಗೋ ಹಾಗಿದೆ, ಅಪ್ಪ ಮಾತ್ರ ಕೋವಿಡ್ ಟೈಮಲ್ಲಿ ಇಂಥವೆಲ್ಲಾ ಅರ್ಧಕ್ಕೇ ನಿಂತೋದ್ವು ಬೇಡ ಅಂತಿದಾರೆ. ನಿಜಾನಾ? ರೋಗ ಬಂದಾಗ ರಿಸರ್ಚ್‌ಗೆ ದುಡ್ಡು ಜಾಸ್ತಿ ಬರ್ಬೇಕಲ್ವಾ?

ಮಂಡ್ಯದ_ಹೈದ:
ಬಂತು ಕಣಮ್ಮ, ಅರ್ಜೀಲಿ ಕೋವಿಡ್ ಅಂತ ಇದ್ದೋರಿಗೆ ಬಂತು. ಮಣ್ಣು, ಬೆಳೆ ಅಂತ ಹಿಡ್ಕೊಂಡು ಕೂತಿದ್ದ ನಮ್ಮಂಥೋರಿಗೆ ಕನ್ನಂಬಾಡಿ ತುಂಬಿದ್ರೂ ನಾಲೆ ಕೊನೇ ಗದ್ದೆಗೆ ನೀರು ಬರಲ್ವಲ್ಲ ಹಂಗಾಯ್ತು. ಯುಕೆನೋರು ವಿದೇಶಿ ನೆರವಿಗೆ ರಾಷ್ಟ್ರೀಯ ಆದಾಯದಲ್ಲಿ 0.7% ಇಡ್ತಿದ್ರು, 2021ರಲ್ಲಿ ಕೋವಿಡ್ ಸಾಲದ ನೆಪ ಹೇಳಿ 0.5%ಗೆ ಇಳಿಸಿದ್ರು. ಅಲ್ಲಿ ರಿಸರ್ಚ್‌ಗೆ ದುಡ್ಡು ಹಂಚೋ ಸರ್ಕಾರಿ ಸಂಸ್ಥೆ ಯುಕೆಆರ್‌ಐ ಆ ದುಡ್ಡಲ್ಲೇ ನಮ್ಮಂಥ ದೇಶಗಳ ಜೊತೆ ಸುಮಾರು ಪ್ರಾಜೆಕ್ಟ್ ನಡೆಸ್ತಿತ್ತು, ಮಾರ್ಚಲ್ಲಿ ನೋಡಿದ್ರೆ ಆಗ್ಲೇ ಕೊಡ್ತೀವಿ ಅಂದಿದ್ದಕ್ಕೂ ಕೈಲಿರೋದಕ್ಕೂ 12 ಕೋಟಿ ಪೌಂಡ್ ಕಮ್ಮಿ! ಹೊಸದಕ್ಕಲ್ಲ, ನಡೀತಿದ್ದವಕ್ಕೇ ಕತ್ರಿ ಬಿತ್ತು. ನಿಮ್ಮಪ್ಪ ಹೇಳ್ತಿರೋದು ಇದೇ ಇರ್ಬೇಕು ಬುಡಿ.

ಪಿಪೆಟ್_ರಾಣಿ:
ಅಷ್ಟೊಂದು ಹೆದರಿಸ್ಬೇಡಿ ಸಾರ್. 2020 ಜನವರಿ 11ಕ್ಕೆ ಶಾಂಘೈನ ಜಾಂಗ್ ಯೊಂಗ್‌ಜೆನ್ ಟೀಮು ಓದಿದ ಕೋವಿಡ್ ವೈರಸ್ಸಿನ ಜೀನೋಮನ್ನ, ಅಂದ್ರೆ ಅದರ ಪೂರ್ತಿ ಜೆನೆಟಿಕ್ ಕೋಡನ್ನ, ಸಿಡ್ನಿಯ ಎಡ್ವರ್ಡ್ ಹೋಮ್ಸ್ ನೆಟ್ಟಿಗೆ ಹಾಕಿದ್ರು, ಟೆಸ್ಟ್ ಕಿಟ್ಟು ವ್ಯಾಕ್ಸಿನ್ನು ಎಲ್ಲಾ ಶುರುವಾಗಿದ್ದೇ ಅಲ್ಲಿಂದ. ಜೊತೆ ಕೆಲ್ಸ ಅಂದ್ರೆ ಅದು. ಹಾಂ, ಅದೇ ವರ್ಷ ಏಪ್ರಿಲಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ವುಹಾನ್ ಲ್ಯಾಬ್ ಜೊತೆಗಾರಿಕೆ ಇದ್ದ ಬಾವಲಿ ವೈರಸ್ ಗ್ರಾಂಟನ್ನೂ ಕಿತ್ಕೊಂಡಿತು, ರಾಜಕೀಯ ಬಂದ್ರೆ ಯಾರೂ ಏನೂ ಮಾಡಕ್ಕಾಗಲ್ಲ.

ಕುಕ್ಕರಹಳ್ಳಿ_ವಾಕರ್:
ಇಬ್ರೂ ಮೇನ್ ವಿಷ್ಯ ಬಿಟ್ರಿ. ಬಹಳ ಕಡೆ ಗ್ರಾಂಟ್ ಕ್ಯಾನ್ಸಲ್ ಆಗ್ಲಿಲ್ಲ, ನೋ ಕಾಸ್ಟ್ ಎಕ್ಸ್‌ಟೆನ್ಷನ್ ಕೊಟ್ರು. ಅಂದ್ರೆ ಟೈಮ್ ಸಿಕ್ತು, ದುಡ್ಡಿಲ್ಲ. ಲ್ಯಾಬ್ ಬಾಗ್ಲು ಹಾಕಿದ್ದ ತಿಂಗಳುಗಳ ಸಂಬಳ ಮಾತ್ರ ಖರ್ಚಾಗೇ ಹೋಗಿತ್ತು, ಆಮೇಲೆ ಉಳಿದ ಕೆಲ್ಸಕ್ಕೆ ಹುಡುಗ್ರಿಗೆ ಕೊಡೋಕೆ ಏನೂ ಇಲ್ಲ. ಪ್ರೊಫೆಸರ್‌ಗೇನು, ಯೂನಿವರ್ಸಿಟಿ ಸಂಬಳ ಬರ್ತಾನೇ ಇರುತ್ತೆ. ಟ್ರೈನಿಂಗ್‌ಗೆ ಅಲ್ಲಿಗೆ ಹೋಗೋಣ ಅಂದ್ರೂ ಇಂಡಿಯಾದಿಂದ ಮಾಮೂಲಿ ಇಂಟರ್‌ನ್ಯಾಷನಲ್ ಫ್ಲೈಟ್ ಮತ್ತೆ ಶುರುವಾಗಿದ್ದು 2022 ಮಾರ್ಚ್ 27ಕ್ಕೆ.

ಗಂಗೋತ್ರಿ_ಹುಡುಗಿ:
ಅಯ್ಯೋ. ಹಾಗಾದ್ರೆ ಸೇರೋ ಮುಂಚೆ ಏನ್ ಕೇಳ್ಲಿ?

ಕುಕ್ಕರಹಳ್ಳಿ_ವಾಕರ್:
ಸಂಬಳ ಯಾವ ಬಜೆಟ್ ಹೆಡ್ಡಿಂದ, ಯುಕೆ ಕಡೇದಾ ಇಂಡಿಯಾ ಕಡೇದಾ. ಅಪಾಯಿಂಟ್‌ಮೆಂಟ್ ಆರ್ಡರ್ ಎಷ್ಟು ತಿಂಗಳಿಗೆ. ಮಧ್ಯ ನಿಲ್ಸಿದ್ರೆ ನೋಟಿಸ್ ಎಷ್ಟು ದಿನ. ಡೇಟಾ ಇಲ್ಲೂ ಒಂದು ಕಾಪಿ ಇರುತ್ತಾ. ಸರ್ ಮುಖ ಗಂಟು ಹಾಕಿದ್ರೂ ಕೇಳಿ, ಬರವಣಿಗೇಲೇ ಕೇಳಿ.

ಮಂಡ್ಯದ_ಹೈದ:
ಜೊತೆಗೆ ಪಿಎಚ್‌ಡಿ ರಿಜಿಸ್ಟ್ರೇಷನ್ ಆಗುತ್ತಾ ಅಂತಾನೂ ಕೇಳಮ್ಮ, ನೆಟ್ ಪರೀಕ್ಷೆನೂ ಬರೀತಾ ಇರು.