ಅಪ್‌ಡೇಟ್: ಮೋವಾಬ್‌ನ ಕೆಂಪು ಬಂಡೆ ಮೇಲೆ ಓಡಿ ಬಂದೆ

ಅಮೆರಿಕದ ಯೂಟಾದಲ್ಲಿರುವ ಮೋವಾಬ್‌ನಲ್ಲಿ ಅಕ್ಕನ ಜೊತೆ 10 ಕಿ.ಮೀ. ಟ್ರೇಲ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ, ಮಡಿಕೇರಿಯ ಮಳೆಯಲ್ಲಿ ಹೇಗೆ ತಯಾರಾಗೋದು ಅಂತ ಕೇಳಿದ್ದೆ. ಓಟ ಮುಗಿಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್!

ಎತ್ತರ ತೊಂದರೆ ಕೊಡಲಿಲ್ಲ. ಮೋವಾಬ್ ಕೂಡ ಮಡಿಕೇರಿ ಹಾಗೆ ಹೆಚ್ಚುಕಡಿಮೆ 1,200 ಮೀಟರ್ ಎತ್ತರದಲ್ಲೇ ಇದೆ. ತಡಿಯಂಡಮೋಳ್ ಹತ್ತಿ ಇಳಿದ ಅಭ್ಯಾಸವೂ ಚೆನ್ನಾಗಿ ಒದಗಿತು.

ಬಂಡೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಮರಳುಗಲ್ಲು. ಕಬ್ಬಿಣದ ತುಕ್ಕಿನಿಂದ ಆ ಕೆಂಪು. ಮುಟ್ಟಿದರೆ ಸ್ಯಾಂಡ್ ಪೇಪರ್ ಹಾಗೆ ತರಿತರಿ. ಒಣಗಿದ್ದಾಗ ಶೂ ಗಟ್ಟಿಯಾಗಿ ಹಿಡಿಯುತ್ತದೆ. ನಮ್ಮ ಪಾಚಿ ಕಟ್ಟಿದ ಕಲ್ಲಿನ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟು ಅಭ್ಯಾಸ ಅಲ್ವಾ, ಇಳಿಜಾರಿನಲ್ಲಿ ಅದನ್ನು ನಂಬಿ ಓಡೋಕೆ ಸ್ವಲ್ಪ ಹೊತ್ತು ಬೇಕಾಯಿತು. ನಿಜವಾಗಿ ಸುಸ್ತು ಮಾಡಿದ್ದು ಬಂಡೆಗಳ ನಡುವಿನ ಸಡಿಲ ಮರಳು.

ದಾರಿ ಪಕ್ಕದ ಕಪ್ಪು, ಉಬ್ಬುತಗ್ಗಿನ ಮಣ್ಣನ್ನು ಮಾತ್ರ ತುಳಿಯಲೇಬೇಡಿ. ಅದು ಜೀವ ಇರುವ ಪದರ. ಹಾಳಾದರೆ ಮತ್ತೆ ಬೆಳೆಯೋಕೆ ಎಷ್ಟೋ ವರ್ಷ ಬೇಕು. ಮುಂದಿನವರನ್ನು ದಾಟೋಕೂ ಅದರ ಮೇಲೆ ಕಾಲಿಡಬಾರದು.

ಗಾಳಿ ಎಷ್ಟು ಒಣ ಅಂದರೆ ಬೆವರು ಕಾಣೋದೇ ಇಲ್ಲ, ಬಟ್ಟೆ ಮೇಲೆ ಬಿಳಿ ಉಪ್ಪು ಉಳಿಯುತ್ತದೆ. ಚಿಕ್ಕ ಓಟ ಅಂತ ನೀರು ಬಿಟ್ಟು ಹೋಗಬೇಡಿ.