ಸಹಾಯ ಬೇಕು: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನದ ನಿಜವಾದ ಸಮಯ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ನೋಡಲು ಹೊರಡುವ ಹಿರಿಯರಿಗಾಗಿ ಒಂದು ಮಾಹಿತಿ ಪಟ್ಟಿ ಮಾಡುತ್ತಿದ್ದೇನೆ. ಹಿಂದೆ ನೇರ ವಿಮಾನದಲ್ಲಿ ಹೋಗಿಬಂದವರ ನೆರವು ಬೇಕು.

ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ಈ ಲೆಕ್ಕ ನಂಬಿ ಯಾರೂ ಅಲ್ಲಿಂದ ಮುಂದಕ್ಕೆ ಹೋಗುವ ವಿಮಾನ ಬುಕ್ ಮಾಡಬೇಡಿ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಕ್ಯಾಬಿನ್ ಒತ್ತಡ ಕುಸಿದರೆ, ಸರಾಗವಾಗಿ ಉಸಿರಾಡಬಹುದಾದ 10,000 ಅಡಿಗೆ ಇಳಿಯಲು ಜಾಗವಿಲ್ಲ, ಕೆಳಗಿನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸಾಮಾನ್ಯವಾಗಿ ಸುತ್ತಿ ಹೋಗುತ್ತಾರೆ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಚಳಿಗಾಲದಲ್ಲಿ ಜೋರು. ಪೆಸಿಫಿಕ್ ಮೇಲೆ ಹೋಗುವಾಗ ನೆರವು, ಅದೇ ದಾರಿಯಲ್ಲಿ ಬರುವಾಗ ಅಡ್ಡಿ.

ಗಡಿಯಾರದಲ್ಲೇ ಹೆಚ್ಚು ಜನ ಎಡವುವುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ವ್ಯತ್ಯಾಸ ಹದಿಮೂರೂವರೆ ಗಂಟೆ, ಉಳಿದಂತೆ ಹನ್ನೆರಡೂವರೆ. ಜನವರಿಯ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ, ಅಲ್ಲಿ ಇನ್ನೂ ಸೋಮವಾರ ಸಂಜೆ 6. ಅದೇ ತಿಂಗಳು ಶುಕ್ರವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟವರು ಅಷ್ಟೇ ಹೊತ್ತು ಹಾರಿದರೆ ಇಲ್ಲಿ ಇಳಿಯುವುದು ಭಾನುವಾರ ಬೆಳಗಿನ ಜಾವ 4ಕ್ಕೆ. ಕರೆದೊಯ್ಯಲು ವಿಮಾನ ನಿಲ್ದಾಣಕ್ಕೆ ಬರುವವರಿಗೆ ದಿನವನ್ನೂ ಬರೆದುಕೊಡಿ.

ದಯವಿಟ್ಟು ಇಷ್ಟು ತಿಳಿಸಿ: ಯಾವ ತಿಂಗಳು, ಯಾವ ದಿಕ್ಕು, ಗೇಟ್ ಬಿಟ್ಟ ಸಮಯ, ನೆಲ ಬಿಟ್ಟ ಸಮಯ, ಇಳಿದ ಸಮಯ, ಗೇಟ್ ತಲುಪಿದ ಸಮಯ. ಸೀಟಿನ ಮುಂದಿನ ನಕ್ಷೆಯ ಫೋಟೊ ಇದ್ದರೆ ದಾರಿಯೂ ಗೊತ್ತಾಗುತ್ತದೆ. ಟಿಕೆಟ್ ಮೇಲಿನ ಸಮಯ ಬೇಡ. ಅದು ಗೇಟ್‌ನಿಂದ ಗೇಟ್‌ಗೆ ಹಾಕಿದ ಅಂದಾಜು. ಪಿಎನ್‌ಆರ್ ಸಂಖ್ಯೆ ಮುಚ್ಚಿ ಹಾಕಿ.